ತುಪ್ಪ ತುಂಬಿದ ಕಾಯಿ

ಆ ಕಾಯಿ ತಾನಾಗಿ ಬಿರಿಯಲಿಲ್ಲ. ನನ್ನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಬಿರಿಯಿತು. ಬಿರಿದದ್ದು ನನಗೆ ಗೊತ್ತಿತ್ತು. ಅದನ್ನು ಮುಚ್ಚಿಟ್ಟವಳೂ ನಾನೇ. ಆಮೇಲೆ ಆ ತಪ್ಪನ್ನು ನನ್ನ ಓರಗಿತ್ತಿ ರೇಣುಕಾಳ ತಲೆಗೆ ಕಟ್ಟಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನೆ ನಿಂತಿದ್ದರೂ ಇಷ್ಟು ಆಗುತ್ತಿರಲಿಲ್ಲವೇನೋ — ಸುಮ್ಮನಿರಲಿಲ್ಲ. ಮೂರು ಪದದ ಒಂದು ಮಾತು ಆಡಿದೆ. ಅದಾಗಿ ಹದಿಮೂರು ವರ್ಷ.

ಇದನ್ನು ಮೊದಲು ಅವಳಿಗೆ ಹೇಳಬೇಕಿತ್ತು. ನಿಮಗೆ ಹೇಳುತ್ತಿದ್ದೇನೆ. ಇದೂ ಒಂದು ಬಗೆಯ ಹೇಡಿತನವೇ ಎಂದು ಗೊತ್ತು. ಆದರೆ ಒಂದು ಸಲ ಮೊದಲಿನಿಂದ ಕೊನೆಯವರೆಗೆ ಬರೆದು ನೋಡದೆ ಹೋದರೆ, ಅವಳ ಮುಂದೆ ಕೂತಾಗ ನನ್ನ ಬಾಯಿ ಮತ್ತೆ ಬೇರೇನನ್ನೋ ಹೇಳಿಬಿಡುತ್ತದೆ — ಕಾಫಿಗೆ ಸಕ್ಕರೆ ಸರಿಯಾಗಿದೆ, ಮಗಳು ಉದ್ದ ಆಗಿದ್ದಾಳೆ, ಬಸ್ಸು ಎಷ್ಟು ರಶ್ಶು... ಹಾಗಾಗಿದೆ, ಎಷ್ಟೋ ಸಲ.

ಆಗ ನಾವು ಹಲಸೂರಿನಲ್ಲಿ, ಕೆರೆಯಿಂದ ಎರಡು ಬೀದಿ ಒಳಗೆ, ಮೂರು ಕೋಣೆಯ ಮನೆಯಲ್ಲಿದ್ದೆವು. ಅತ್ತೆ, ನಮ್ಮವರು, ನಾನು, ಮೈದುನ ಮೋಹನ, ಅವನ ಹೆಂಡತಿ ರೇಣು. ಮೋಹನ ಮಹದೇವಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ಅದೇ ವರ್ಕ್‌ಶಾಪಿನ ವಾಚ್‌ಮನ್‌ನ ಮಗಳು ರೇಣು. ರಾಯಚೂರು ಕಡೆಯವರು, ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ. ಅಪ್ಪನಿಗೆ ಬುತ್ತಿ ತರುತ್ತಿದ್ದವಳನ್ನು ಇವನು ಮೆಚ್ಚಿದ. ಅತ್ತೆ ಒಪ್ಪಲಿಲ್ಲ. ಆರು ತಿಂಗಳು ತಾಯಿ-ಮಗ ಮಾತು ಬಿಟ್ಟರು. ಅಮ್ಮ ಒಪ್ಪಿದರೆ ಶಬರಿಮಲೆಗೆ ಬರುತ್ತೇನೆ ಎಂದು ಮೋಹನ ಆಗ ಹರಕೆ ಹೊತ್ತಿದ್ದನಂತೆ. ಅತ್ತೆ ಒಪ್ಪಿದರು — ಬಾಯಿಯಲ್ಲಿ.

ಮನಸ್ಸಿನಲ್ಲಿ ಒಪ್ಪಿರಲಿಲ್ಲ ಎನ್ನುವುದು ದಿನವೂ ಕಾಣುತ್ತಿತ್ತು. ರೇಣು ಮಾತಾಡಿದರೆ ಅತ್ತೆ ಅವಳ ರಾಗವನ್ನೇ ಎಳೆದು ಅಣಕಿಸುತ್ತಿದ್ದರು. ಅವಳು ಲೋಟ ತೊಳೆದಿಟ್ಟರೆ ಮತ್ತೆ ತೊಳೆಯುತ್ತಿದ್ದರು. ನನ್ನನ್ನು ತೋರಿಸಿ, "ಇವಳನ್ನ ನೋಡಿ ಕಲ್ತ್ಕೋ. ಕಾನ್ವೆಂಟಲ್ಲಿ ಓದಿರೋಳು. ಬಂದಾಗಿಂದ ಒಂದು ಲೋಟ ಕೈಯಿಂದ ಕೆಳಗೆ ಬಿದ್ದಿಲ್ಲ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಿದ್ದೆ. ಬೇಡ ಅತ್ತೆ, ಹಾಗೆಲ್ಲ ಹೇಳಬೇಡಿ ಎಂದು ಒಂದು ದಿನವಾದರೂ ಅಂದೆನೇ? ಇಲ್ಲ. ಆ ಮಾತು ಕೇಳಲು ನನಗೆ ಇಷ್ಟವಿತ್ತು. ಇದನ್ನೂ ಇಲ್ಲಿ ಬರೆಯಲೇಬೇಕು. ಎಲ್ಲಕ್ಕೂ ಬೇರು ಅದೇ.

ತೊಂಬತ್ತನಾಲ್ಕರ ಕಾರ್ತಿಕದಲ್ಲಿ ಮೋಹನ ಮಾಲೆ ಹಾಕಿಸಿಕೊಂಡ. ಮೊದಲ ವರ್ಷದವನು, ಕನ್ನಿಸ್ವಾಮಿ. ನಲವತ್ತೊಂದು ದಿನದ ವ್ರತ. ಕಪ್ಪು ಪಂಚೆ, ಬರಿಗಾಲು, ಬೆಳಗಿನ ಜಾವ ತಣ್ಣೀರು ಸ್ನಾನ, ಒಂದು ಹೊತ್ತು ಊಟ, ನೆಲದ ಮೇಲೆ ಚಾಪೆ. ಮಾಲೆ ಹಾಕಿದ ಮೇಲೆ ಅವನಿಗೆ ಹೆಸರಿಲ್ಲ. ಹೆತ್ತ ತಾಯಿಯೂ ಸ್ವಾಮಿ ಎಂದೇ ಕರೆಯಬೇಕು. ವರ್ಕ್‌ಶಾಪಿನ ಗೆಳೆಯನೊಬ್ಬ ಬಾಗಿಲಲ್ಲಿ ನಿಂತು, ಏನ್ ಗುರು, ಗಡ್ಡ ಬಿಟ್ಟು ಹೀರೋ ಆಗ್ಬಿಟ್ಟಿದ್ದೀಯ ಅಂದರೆ, ಇವನು ಗಂಭೀರವಾಗಿ, "ಗುರು ಅಲ್ಲ ಮಗಾ, ಸ್ವಾಮಿ ಅನ್ನು" ಎನ್ನುತ್ತಿದ್ದ. ರೇಣುವಿಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಸ್ವಾಮಿ, ಬರೋವಾಗ ಟೊಮೆಟೊ ತರ್ರಿ ಸ್ವಾಮಿ" ಎನ್ನುವಳು. ಅವನ ಬರಿಗಾಲಿಗೆ ಮುಳ್ಳು ಚುಚ್ಚಿದ ದಿನ ಮಾತ್ರ ನಗಲಿಲ್ಲ. ವ್ರತದಲ್ಲಿರುವವನ ಕಾಲು ಮುಟ್ಟಬಹುದೋ ಇಲ್ಲವೋ ತಿಳಿಯದೆ, ಪಿನ್ನು ಹಿಡಿದುಕೊಂಡು ದೂರದಲ್ಲೇ ನಿಂತಿದ್ದಳು.

ವ್ರತದ ಮನೆಯಲ್ಲಿ ಹೆಂಗಸರು ಹೊರಗಾದರೆ ಐದು ದಿನ ಆಚೆ ಇರಬೇಕೆಂಬುದು ಅತ್ತೆಯ ಕಟ್ಟುನಿಟ್ಟು. ಮೂರು ಕೋಣೆಯ ಮನೆಯಲ್ಲಿ ಆಚೆ ಎಂದರೆ ಎಲ್ಲಿ? ಎದುರು ಮನೆಯ ಶಹನಾಜ್ ಆಂಟಿ ತಮ್ಮ ಮುಂಬಾಗಿಲ ಕೋಣೆ ಬಿಟ್ಟುಕೊಡುತ್ತಿದ್ದರು. ಡಿಸೆಂಬರಿನಲ್ಲಿ ನಾನೂ ಐದು ದಿನ ಅಲ್ಲಿದ್ದೆ. ಬೆಳಿಗ್ಗೆ ಬನ್ನು, ಟೀ ತಂದಿಟ್ಟು, ನಿಮ್ಮ ಸ್ವಾಮಿಯಿಂದ ನನಗೂ ಸ್ವಲ್ಪ ಪುಣ್ಯ ಬರುತ್ತೆ ಎಂದು ನಗುತ್ತಿದ್ದರು.

ತುಪ್ಪದ ಕಾಯಿಯ ಬಗ್ಗೆ ಹೇಳಬೇಕು. ಬೆಟ್ಟಕ್ಕೆ ಹೋಗುವವರು ತಲೆಯ ಮೇಲೆ ಇರುಮುಡಿ ಹೊರುತ್ತಾರೆ — ಎರಡು ಗಂಟಿನ ಬಟ್ಟೆ ಚೀಲ. ಅದಿಲ್ಲದೆ ಆ ಹದಿನೆಂಟು ಮೆಟ್ಟಿಲು ಹತ್ತುವ ಹಾಗಿಲ್ಲ. ಅದರ ಮುಂದಿನ ಗಂಟಿನಲ್ಲಿ ಅಕ್ಕಿಯ ನಡುವೆ ಒಂದು ತೆಂಗಿನಕಾಯಿ. ಅದರ ಕಣ್ಣು ಕೊರೆದು, ನೀರು ಬಸಿದು, ಒಣಗಿಸಿ, ಒಳಗೆ ತುಪ್ಪ ತುಂಬಿ ಬಿರಡೆ ಹಾಕಿರುತ್ತಾರೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರು ಮೋಹನನ ತಂಡಕ್ಕೆ ಗುರುಸ್ವಾಮಿ. ಕಾಯಿ ಆರಿಸಿ ತಂದುಕೊಟ್ಟವರು ಅವರೇ. ಅವತ್ತು ನಮ್ಮ ನಡುಮನೆಯಲ್ಲಿ ಕೂತು, ತಮಿಳು ಬೆರೆತ ಕನ್ನಡದಲ್ಲಿ ಮೋಹನನಿಗೆ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ. "ಕಾಯಿ ಅಂದ್ರೆ ನಿನ್ ದೇಹ ಸ್ವಾಮಿ. ತುಪ್ಪ ಅಂದ್ರೆ ನಿನ್ ಜೀವ. ಮಲೆ ಮೇಲೆ ಜೀವ ಅವನಿಗೆ ಅಭಿಷೇಕ. ಖಾಲಿ ದೇಹ ಬೆಂಕಿಗೆ. ಅವ್ಳೋ ದಾನ್, ಅಷ್ಟೇ."

ಅದನ್ನು ಕೇಳಿದ ಮೇಲೆ ಮೋಹನ ಆ ಕಾಯಿಯನ್ನು ಮಗುವಿನಂತೆ ನೋಡಿಕೊಂಡ. ದಿನವೂ ಸಂಜೆ ಗಾಜಿನ ಚೂರಿನಿಂದ ನಾರು ಹೆರೆಯುವುದು, ವರ್ಕ್‌ಶಾಪಿನಿಂದ ತಂದ ಉಪ್ಪುಕಾಗದದಿಂದ ಉಜ್ಜುವುದು. ಹತ್ತು ದಿನದಲ್ಲಿ ಅದು ಕಾಯಿಯಾಗಿ ಉಳಿಯಲಿಲ್ಲ. ನಮ್ಮ ಶಾಲೆಯ ಮೆಟ್ಟಿಲ ಕಟಕಟೆಯ ಕೊನೆಯಲ್ಲಿ ಒಂದು ಮರದ ಗುಂಡು ಇತ್ತು. ನೂರಾರು ಹುಡುಗಿಯರ ಕೈ ತಾಗಿ ತಾಗಿ ಮಿರುಗುತ್ತಿತ್ತು — ಹಾಗೆ ಆಗಿತ್ತು. ಕಣ್ಣು ಕೊರೆದು, ನೀರು ತೆಗೆದು, ದೇವರ ಗೂಡಿನ ಕೆಳಗೆ ತಟ್ಟೆಯಲ್ಲಿ ಇಟ್ಟಿದ್ದ. ಬರುವ ಶುಕ್ರವಾರ ಇರುಮುಡಿ ಕಟ್ಟುವುದೆಂದು ಗೊತ್ತಾಗಿತ್ತು.

ಸೋಮವಾರ. ಅತ್ತೆ ಮತ್ತು ನಮ್ಮವರು ಕೋಲಾರದಲ್ಲಿ ಒಂದು ಮದುವೆಗೆ ಹೋಗಿದ್ದರು. ಬರುವುದು ಮಂಗಳವಾರ ಸಂಜೆ. ಮೋಹನ ಕೆಲಸಕ್ಕೆ ಹೋಗಿದ್ದ, ಅಲ್ಲಿಂದ ರಾತ್ರಿ ತಂಡದವರ ಭಜನೆಗೆ; ಅವನೂ ಮನೆಗೆ ಬರುವುದು ಮಂಗಳವಾರ ಸಂಜೆಯೇ. ಹನ್ನೊಂದು ಗಂಟೆಯ ಹೊತ್ತಿಗೆ ರೇಣು ಅಡಿಗೆಮನೆಯ ಹೊಸ್ತಿಲ ಆಚೆ ಬಂದು ನಿಂತಳು. "ಅಕ್ಕಾ, ನಾ ಹೊರಗಾದೆ ನೋಡ್ರಿ" ಅಂದಳು. ಮುಖದಲ್ಲಿ ಬೇಸರವಿರಲಿಲ್ಲ. ಅಲ್ಲೇ ನಿಂತು ಹೆಬ್ಬೆರಳಿನಿಂದ ಬೆರಳ ಗೆರೆಗಳ ಮೇಲೆ ಎಣಿಸಿದಳು — ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ ತಲೆಗೆ ನೀರು. "ಐದು ದಿನ ಬರೋಬರಿ ಆಗ್ತದಲ್ರಿ ಅಕ್ಕಾ? ತುಪ್ಪ ಹಾಕಾಕ ನಾನೂ ಇರ್ತೀನಿ." ಹೌದು, ಸರಿಯಾಗುತ್ತದೆ ಎಂದೆ. ನಾನೇ ಎಂದೆ. ಅವಳು ತನ್ನ ತಟ್ಟೆ, ಲೋಟ, ಚಾಪೆ, ಬಟ್ಟೆಯ ಚೀಲ ತೆಗೆದುಕೊಂಡು ಬೀದಿ ದಾಟಿದಳು. ಶಹನಾಜ್ ಆಂಟಿ ಬಾಗಿಲು ತೆರೆದದ್ದನ್ನು ಕಿಟಕಿಯಿಂದ ನೋಡಿದೆ.

ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನದ ಹೊತ್ತು ದೇವರ ಗೂಡು ಒರೆಸುತ್ತಿದ್ದೆ. ಕಾಯಿ ಎತ್ತಿಕೊಳ್ಳುವ ಅಗತ್ಯವೇನೂ ಇರಲಿಲ್ಲ. ಅದರ ನಯಕ್ಕೆ ಕೈ ಹೋಯಿತು, ಅಷ್ಟೇ. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಕೈಯಲ್ಲಿ ಒರೆಸುವ ಬಟ್ಟೆಯ ತೇವ ಇತ್ತು. ಜಾರಿತು. ಕೆಂಪು ನೆಲದ ಮೇಲೆ ಒಂದೇ ಒಂದು ಸದ್ದು — ದೊಡ್ಡದೇನಲ್ಲ — ಉರುಳಿ ಹೋಗಿ ಅಕ್ಕಿ ಡಬ್ಬಕ್ಕೆ ತಗುಲಿ ನಿಂತಿತು.

ಎತ್ತಿಕೊಂಡಾಗ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಕಣ್ಣಿನ ಪಕ್ಕದಿಂದ ಹೊಟ್ಟೆಯವರೆಗೆ ಕೂದಲೆಳೆಯಷ್ಟು ಗೆರೆ. ಒಳಗೆ ಒಂದು ಚಮಚ ನೀರು ಬಿಟ್ಟು ನೋಡಿದೆ. ಗೆರೆಯ ಉದ್ದಕ್ಕೂ ಬೆವರಿನಂತೆ ನೀರು ಮೂಡಿತು.

ಏನು ಮಾಡಬಹುದಿತ್ತು ಎಂದು ಕೇಳಿದರೆ ಉತ್ತರ ಬಹಳ ಸುಲಭ. ಬೀದಿಯ ತುದಿಗೆ ಹೋಗಿ ಬಸ್ಸು ಹತ್ತಿದ್ದರೆ ಇಪ್ಪತ್ತು ನಿಮಿಷದಲ್ಲಿ ಶಿವಾಜಿನಗರ. ಗುರುಸ್ವಾಮಿಯವರ ಅಂಗಡಿಗೆ ಹೋಗಿ, ಸ್ವಾಮಿ, ಕೈಜಾರಿತು ಎಂದಿದ್ದರೆ ಅವರು ಇನ್ನೊಂದು ಕಾಯಿ ಆರಿಸಿ ಕೊಡುತ್ತಿದ್ದರು. ಮೋಹನ ನಾಲ್ಕು ದಿನ ಕೂತು ಉಜ್ಜುತ್ತಿದ್ದ. ಬೈಯುವ ಸ್ವಭಾವವೇ ಅವನದಲ್ಲ. ಅತ್ತೆ ಒಂದು ಮಾತು ಅಂದಾರು. ಅಪಶಕುನ ಎಂದು ಒಂದು ದಿನ ಮುಖ ಸಿಂಡರಿಸಿಯಾರು. ಅಷ್ಟೇ. ಅಷ್ಟೇ ಆಗುತ್ತಿತ್ತು. ಒಂದು ಲೋಟವನ್ನೂ ಬೀಳಿಸದ ಸೊಸೆ ಕಾಯಿ ಬೀಳಿಸಿದಳು ಎಂದು... ಅದೊಂದನ್ನು ನಾನು ತಾಳಿಕೊಳ್ಳಬೇಕಿತ್ತು.

ತಾಳಿಕೊಳ್ಳಲಿಲ್ಲ. ಕಾಯಿಯನ್ನು ಒಲೆಯ ಹತ್ತಿರ ಇಟ್ಟು ಒಣಗಿಸಿದೆ. ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿಯ ತುಂಡು ಕಾಯಿಸಿ, ಬಿಸಿ ಚಮಚದ ಬೆನ್ನಿನಿಂದ ಗೆರೆಗೆ ಮೇಣ ತುಂಬಿದೆ. ಉಗುರಿನಿಂದ ಹೆರೆದು ಸಮ ಮಾಡಿದೆ. ಶಾಲೆಯಲ್ಲಿ ಹೊಲಿಗೆಯ ಸಿಸ್ಟರ್ ನನ್ನ ಬಟ್ಟೆಯನ್ನು ತಿರುಗಿಸಿ ನೋಡಿ, ಹಿಂಬದಿಯೂ ಮುಂಬದಿಯ ಹಾಗೇ ಇದೆ ಎಂದು ತರಗತಿಗೆಲ್ಲ ತೋರಿಸುತ್ತಿದ್ದರು. ಅಷ್ಟೇ ಅಚ್ಚುಕಟ್ಟಾಗಿ ಮಾಡಿದೆ. ನಮ್ಮಲ್ಲಿ ಪುಷ್ಯದ ಚಳಿಗೆ ಡಬ್ಬಿಯ ತುಪ್ಪ ಚಮಚ ಇಳಿಯದಷ್ಟು ಗಟ್ಟಿಯಾಗುತ್ತದೆ. ಕಾಯಿಯೊಳಗೂ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತದೆ, ಸೋರುವುದಿಲ್ಲ ಎಂದುಕೊಂಡೆ. ಅವರು ಇಳಿದು ಹೋಗುವುದು ಕೇರಳದ ಸೆಕೆಗೆ ಎಂಬುದು ನನಗೆ ಹೊಳೆಯಲೇ ಇಲ್ಲ. ಭೂಗೋಳದಲ್ಲಿ ಬಹುಮಾನ ತೆಗೆದುಕೊಂಡವಳು ನಾನು.

ಶುಕ್ರವಾರ ಬೆಳಿಗ್ಗೆ ರೇಣು ತಲೆಗೆ ಸ್ನಾನ ಮಾಡಿ ಬಂದಳು. ಒದ್ದೆ ಕೂದಲ ತುದಿಗೆ ಗಂಟು, ಅರಿಶಿನ ಹಚ್ಚಿದ ಕೆನ್ನೆ. ನಡುಮನೆಯಲ್ಲಿ ಶರಣು ಕೂಗುತ್ತಿದ್ದರು. ತುಪ್ಪ ಹಾಕುವ ಮುನ್ನ ಕಾಯಿಗೆ ವಿಭೂತಿ ಹಚ್ಚುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಮೂರು ಗೆರೆ ಎಳೆದೆ. ಆ ಬಿರುಕು ಅವುಗಳ ಅಡಿಯಲ್ಲಿ ಹೋಯಿತು. ಅತ್ತೆ ಪಕ್ಕದವರಿಗೆ, ನೋಡಿ, ಎಷ್ಟು ನೀಟಾಗಿ ಹಚ್ಚಿದ್ದಾಳೆ ಎಂದರು. ಅತ್ತೆ ಒಂದು ಸೌಟು ತುಪ್ಪ ಹೊಯ್ದರು, ನಾನೊಂದು, ಕೊನೆಯಲ್ಲಿ ರೇಣು.  ಎಲ್ಲಿ ಒಂದು ಹನಿ ಆಚೆ ಚೆಲ್ಲುತ್ತದೋ ಎಂದು ಉಸಿರು ಹಿಡಿದಿದ್ದಳು. ಒಂದು ಹನಿಯೂ ಚೆಲ್ಲಲಿಲ್ಲ.

ಮಲೆಗೆ ಹೊರಟವರು ಹೋಗಿ ಬರುತ್ತೇನೆ ಎನ್ನುವುದಿಲ್ಲ. ಹೊಸ್ತಿಲ ಮುಂದೆ ಒಂದು ಕಾಯಿ ಒಡೆದು, ಹಿಂದಿರುಗಿ ನೋಡದೆ ಹೋಗಬೇಕು. ಮೋಹನ ಹಾಗೇ ಹೋದ, ತಲೆಯ ಮೇಲೆ ಗಂಟು ಹೊತ್ತು. ರೇಣು ಬೀದಿಯ ತಿರುವಿನವರೆಗೂ ಬರಿಗಾಲಲ್ಲಿ ಹೋಗಿ ನಿಂತಿದ್ದಳು.

ಮುಂದಿನ ಗುರುವಾರ ಬಂದರು. ಮೋಹನನ ಹಿಮ್ಮಡಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಮುಖ ಮಾತ್ರ ಬೆಳಗುತ್ತಿತ್ತು. ಪಂಪೆಯ ನೀರು, ಕಡಿದಾದ ಏರು, ಕತ್ತಲಲ್ಲಿ ಸಾಲುಸಾಲು ಜನ, ಮೆಟ್ಟಿಲ ಮೇಲೆ ಯಾರು ಎತ್ತಿದರೋ ತಿಳಿಯದೆ ಮೇಲೆ ಹೋಗಿಬಿಟ್ಟದ್ದು — ಹೇಳುತ್ತಲೇ ಇದ್ದ. ಗುರುಸ್ವಾಮಿ ಅತ್ತೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ದಾರಿಯಲ್ಲೇ ಗಂಟು ಒದ್ದೆಯಾಗಿತ್ತಂತೆ. ಅಕ್ಕಿಯೆಲ್ಲ ತುಪ್ಪದಲ್ಲಿ ನೆನೆದು, ಸನ್ನಿಧಾನದಲ್ಲಿ ಕಾಯಿ ಒಡೆದಾಗ ಒಳಗೆ ಏನೂ ಉಳಿದಿರಲಿಲ್ಲವಂತೆ. ಅವರು ತಮ್ಮ ಕಾಯಿಯ ತುಪ್ಪದಲ್ಲೇ ಅರ್ಧ ಕೊಟ್ಟು ಅಭಿಷೇಕ ಮಾಡಿಸಿದ್ದರು. "ಅವನು ದಾರೀಲೇ ತಗೊಂಡ್ಬಿಟ್ಟ ಅಮ್ಮಾ. ಯೋಚ್ನೆ ಮಾಡ್ಬೇಡಿ, ಬಿಟ್ಬಿಡಿ" ಎಂದು ಕೈಮುಗಿದು ಹೋದರು. ಬೆಟ್ಟ ಕ್ಷಮಿಸಿತ್ತು ಎಂದೇ ನನಗನ್ನಿಸುತ್ತದೆ. ಬಿಡದವರು ನಾವು.

ಅವರು ಹೋದ ಮೇಲೆ ಅತ್ತೆ ರೇಣುವನ್ನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದರು. ಗಟ್ಟಿ ಕಾಯಿ ಸುಮ್ಮನೆ ಬಿರಿಯುವುದಿಲ್ಲ, ಮೈಲಿಗೆಯ ಕೈ ಬಿದ್ದಿರಬೇಕು ಎನ್ನುವುದು ಅವರ ನಂಬಿಕೆ. ಯಾವತ್ತು ಆಚೆ ಹೋದೆ ಎಂದು ಕೇಳಿದರು. ರೇಣು ಸೋಮವಾರ ಎಂದಳು. ನಾನು ಮಂಗಳವಾರ ಬಂದಾಗ ತಾನೇ ನೀನು ಆಚೆ ಇದ್ದದ್ದು ನೋಡಿದ್ದು, ಶುಕ್ರವಾರಕ್ಕೆ ನಾಲ್ಕೇ ದಿನ, ಹಬ್ಬದಲ್ಲಿ ಮೆರೆಯೋ ಆಸೆಗೆ ಒಂದು ದಿನ ನುಂಗಿದೆ ಎಂದರು ಅತ್ತೆ. ಗಲಾಟೆ ಕೇಳಿ ಎದುರು ಮನೆಯಿಂದ ಶಹನಾಜ್ ಆಂಟಿ ಬಂದು ಬಾಗಿಲಲ್ಲಿ ನಿಂತರು. "ಇಲ್ಲ ಅಮ್ಮಾ, ಪೀರ್ ಕೆ ದಿನ್ ಬಂದ್ಲು. ಸೋಮವಾರ. ನಾನೇ ಬಾಗಿಲು ತೆಗ್ದಿದ್ದು." ಇದು ನಮ್ಮ ಮನೆಯ ವಿಷಯ, ನಿಮಗ್ಯಾಕೆ ತೊಂದರೆ ಎಂದು ಅತ್ತೆ ನಯವಾಗಿಯೇ ಹೇಳಿ ಬಾಗಿಲು ಮುಂದೆ ಮಾಡಿದರು.

ಆಮೇಲೆ ನನ್ನ ಕಡೆ ತಿರುಗಿದರು.

"ಸುಮಾ, ನೀನು ಮನೇಲೇ ಇದ್ದೆ. ನೀನು ಸುಳ್ಳು ಹೇಳೋಳಲ್ಲ. ಇವಳು ಹೋಗಿದ್ದು ಯಾವತ್ತು?"

ರೇಣುವಿನ ಮುಖ ಸಡಿಲಾಯಿತು. ಅದನ್ನು ನಾನು ನೋಡಿದೆ. ಬಿಗಿದುಕೊಂಡಿದ್ದ ಭುಜ ಇಳಿಯಿತು. ಅಕ್ಕ ಇದ್ದಾಳೆ, ಅಕ್ಕ ಹೇಳುತ್ತಾಳೆ, ಇಲ್ಲಿಗೆ ಮುಗಿಯಿತು ಎಂದುಕೊಂಡವಳ ಮುಖ.

ಅದು ಸೋಮವಾರ ಎಂಬುದನ್ನು ನಾನು ಹೇಗೆ ಮರೆಯಲಿ? ಕಾಯಿ ಬಿದ್ದದ್ದೇ ಆವತ್ತು. ಆದರೆ ರೇಣುವಿನ ಲೆಕ್ಕ ಸರಿ ಎಂದಾದರೆ ಕಾಯಿ ಬಿರಿದದ್ದು ಯಾಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದು ಅಲ್ಲಿಂದ ಹೊರಟು ಬೇರೆ ಯಾರನ್ನೋ ಹುಡುಕುತ್ತದೆ. ಮನೆಯಲ್ಲಿ ಒಬ್ಬಳೇ ಇದ್ದವಳು ಯಾರು, ವಿಭೂತಿ ಹಚ್ಚಿದವಳು ಯಾರು — ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು? ಒಂದು ಉಸಿರಿನಷ್ಟೂ ಬೇಕಾಗಲಿಲ್ಲ.

"ನನಗೆ ಸರಿಯಾಗಿ ನೆನಪಿಲ್ಲ" ಎಂದೆ.

ರೇಣು ನನ್ನನ್ನೇ ನೋಡಿದಳು. ಆಮೇಲೆ ತನ್ನ ಬೆರಳು ನೋಡಿಕೊಂಡು ಎಣಿಸತೊಡಗಿದಳು. ಸೋಮವಾರ, ಮಂಗಳವಾರ... ಎರಡನೆಯ ಗೆರೆಗೆ ಹೆಬ್ಬೆರಳು ನಿಂತುಬಿಟ್ಟಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ನಿಂತಿತು.

ಮರುದಿನ ಅಡಿಗೆಮನೆಯಲ್ಲಿ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು. "ಅಕ್ಕಾ, ನಿಮಗ ನೆನಪಿಲ್ಲ ಅಂದ್ರ ನಂದ ತಪ್ಪಿರಬೇಕ್ರಿ. ನೀವು ಓದಿದವ್ರು." ನಾನು ಸಾಸಿವೆ ಡಬ್ಬಿ ಹುಡುಕುತ್ತಿದ್ದೆ. ಅದು ನನ್ನ ಕೈಯಲ್ಲೇ ಇತ್ತು.

ಮೋಹನ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಸ್ವಾಮಿಗೆ ಹಸಿವಾಗಿತ್ತು, ದಾರಿಯಲ್ಲೇ ಕುಡಿದ ಎಂದು ನಗಿಸಲು ನೋಡಿದ. ಚೈತ್ರದಲ್ಲಿ ಅವಳಿಗೆ ದಿನ ನಿಂತದ್ದು ತಿಳಿದಾಗ ಅತ್ತೆಯೂ ಸ್ವಲ್ಪ ಮೆತ್ತಗಾದರು. ಇನ್ನು ಹೇಳುವುದು ಯಾಕೆ, ಎಲ್ಲ ತಣ್ಣಗಾಯಿತಲ್ಲ ಎಂದುಕೊಂಡೆ. ಜೂನ್ ಕೊನೆಯಲ್ಲಿ ಮೋಹನ ಜ್ವರ ಎಂದು ಮಲಗಿದ. ಕಣ್ಣು ಹಳದಿಯಾಯಿತು. ಜಾಂಡೀಸು. ಆಸ್ಪತ್ರೆಗೆ ಮಧ್ಯಾಹ್ನದ ಗಂಜಿ ಒಯ್ಯುತ್ತಿದ್ದವಳು ನಾನು. ಒಂದು ದಿನ ಗಂಜಿ ಕುಡಿದು, ದಿಂಬಿಗೆ ಒರಗಿ, "ಅತ್ತಿಗೆ, ಮುಂದಿನ್ ವರ್ಷ ಕಾಯಿ ನೀವೇ ನೋಡಿ ಆರಿಸ್ಕೊಡಿ. ನಿಮ್ ಕೈ ಒಳ್ಳೇದು" ಅಂದ. ಆಗ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ. ಅವನು ನಕ್ಕು, ಅಯ್ಯೋ ಅಷ್ಟೇನಾ ಅನ್ನುತ್ತಿದ್ದ, ಮನೆಗೆ ಹೇಳಿ ಕಳಿಸುತ್ತಿದ್ದ, ರೇಣು... ಹೂಂ ಎಂದೆ. ಟಿಫಿನ್ ಡಬ್ಬಿಯ ಮುಚ್ಚಳ ಹಾಕಿದೆ.

ಹನ್ನೊಂದನೆಯ ದಿನ ಅವನು ಹೋದ.

ಕುಡಿಯುವ ನೀರಿನಿಂದ ಬಂದದ್ದು, ತಡವಾಗಿ ಕರೆತಂದಿರಿ ಎಂದು ಡಾಕ್ಟರು ಹೇಳಿದ್ದರು. ನನಗೂ ಗೊತ್ತು, ಕಾಯಿ ಬಿರಿದರೆ ಮನುಷ್ಯ ಸಾಯುವುದಿಲ್ಲ. ಅತ್ತೆಯ ಬಾಯಲ್ಲಿ ಮಾತ್ರ ಒಂದೇ ಮಾತು. "ಜೀವ ಅವತ್ತೇ ಸೋರಿ ಹೋಗಿತ್ತು." ಬಂದವರಿಗೆಲ್ಲ ಅದನ್ನೇ ಹೇಳಿದರು. ಐದು ತಿಂಗಳ ಬಸುರಿ ಮೂಲೆಯಲ್ಲಿ ಕೂತು ಕೇಳಿಸಿಕೊಂಡಳು. ಕಾರ್ಯ ಮುಗಿದ ಮೇಲೆ ಅವಳಪ್ಪ ಬಂದು ಕೆ.ಆರ್. ಪುರಕ್ಕೆ ಕರೆದುಕೊಂಡು ಹೋದ. ಯಾರೂ ತಡೆಯಲಿಲ್ಲ. ಅವಳ ಬಟ್ಟೆಗಳನ್ನು ಇಸ್ತ್ರಿ ಮಾಡಿ, ಮಡಿಸಿ, ಚೀಲಕ್ಕೆ ಜೋಡಿಸಿಕೊಟ್ಟವಳು ನಾನು.

ಪಲ್ಲವಿ ಹುಟ್ಟಿದ್ದು ಅಲ್ಲಿಯೇ. ರೇಣು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ನಾನು ವರ್ಷಕ್ಕೆ ಮೂರು-ನಾಲ್ಕು ಸಲ ಹಣ್ಣು, ಮಗುವಿಗೆ ಫ್ರಾಕು, ಆಮೇಲೆ ಸ್ಕೂಲ್ ಬ್ಯಾಗು ಹಿಡಿದುಕೊಂಡು ಹೋಗಿ ಬರುತ್ತಿದ್ದೆ. ಅವಳು ಬಾಗಿಲಲ್ಲೇ ಕಾಲಿಗೆ ನೀರು ಕೊಡುವಳು. ಇಡೀ ಮನೆಯಲ್ಲಿ ನನ್ನನ್ನು ಮರೆಯದವರು ನೀವೊಬ್ಬರೇ ಅಕ್ಕಾ ಎನ್ನುವಳು. ನಮ್ಮ ಬೀದಿಯಲ್ಲಿ ಕಪ್ಪು ಬಟ್ಟೆಯ ಸ್ವಾಮಿಗಳು ಕಾಣತೊಡಗಿದರೆ ಆಮೇಲೆ ಅವಳು ಸಂಕ್ರಾಂತಿಯವರೆಗೆ ಹಲಸೂರಿನ ಕಡೆ ತಲೆ ಹಾಕುವುದಿಲ್ಲ. ಗಾರ್ಮೆಂಟ್ಸಿನಲ್ಲಿ ಪಕ್ಕದ ಮಿಷಿನ್ನಿನವಳ ಗಂಡ ಮಾಲೆ ಹಾಕಿದ್ದಾನೆಂದು ತಿಳಿದರೆ ಅವಳ ಡಬ್ಬಿಯ ಊಟವನ್ನೂ ಮುಟ್ಟುವುದಿಲ್ಲವಂತೆ.

ಅತ್ತೆ ಹೋಗಿ ಐದು ವರ್ಷವಾಯಿತು. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು, ನೀನೊಬ್ಬಳು ನನಗೆ ಸರಿಯಾಗಿ ಸಿಕ್ಕಿದೆ ಎಂದರು. ಅವರಿಗೂ ಹೇಳಲಿಲ್ಲ. ಬದಲಿಗೆ ಒಂದು ಉಪಾಯ ಹುಡುಕಿಕೊಂಡಿದ್ದೆ. ಐವತ್ತಾದ ಮೇಲೆ ಹೆಂಗಸರೂ ಮಾಲೆ ಹಾಕಬಹುದಲ್ಲ — ಆಗ ನಾನೇ ವ್ರತ ಮಾಡಿ, ನಾನೇ ಕಾಯಿಗೆ ತುಪ್ಪ ತುಂಬಿ, ತಲೆಯ ಮೇಲೆ ಹೊತ್ತು, ಬೆಟ್ಟ ಹತ್ತಿ ಅವನ ಮುಂದೆ ಹೇಳಿಕೊಂಡು ಬರುತ್ತೇನೆ. ಶಾಲೆಯಲ್ಲಿ ಶುಕ್ರವಾರ ಕ್ರಿಶ್ಚಿಯನ್ ಹುಡುಗಿಯರು ಪಾಪ ಹೇಳಿಕೊಳ್ಳಲು ಚಾಪೆಲಿನಲ್ಲಿ ಸಾಲು ನಿಲ್ಲುತ್ತಿದ್ದರು. ನಾವು ಉಳಿದವರು ಹೊರಗೆ ಕೂತು ಕಸೂತಿ ಹಾಕುತ್ತಿದ್ದೆವು. ಒಳಗಿನಿಂದ ಅವರು ಹಗುರಾಗಿ ಹೊರಬರುವುದನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ನನಗೂ ಅಂಥದೊಂದು ಜಾಗ ಆ ಬೆಟ್ಟದ ಮೇಲೆ ಕಾದಿದೆ ಎಂದುಕೊಂಡು ವರ್ಷಗಳನ್ನು ದೂಡಿದೆ. ದೇವರ ಮುಂದೆ ಹೇಳುವುದು ಸುಲಭ. ದೇವರು ಆ ಮೂರು ಪದಗಳನ್ನು ನಂಬಿ ತನ್ನ ಲೆಕ್ಕವನ್ನು ಬಿಟ್ಟುಕೊಟ್ಟವನಲ್ಲ.

ಕಳೆದ ತಿಂಗಳು ಪಲ್ಲವಿ ದೊಡ್ಡವಳಾದಳು. ಆರತಿಗೆ ಕರೆದಿದ್ದರು. ಎರಡನೆಯ ಮಹಡಿಯ ಮೇಲೆ ಶೀಟಿನ ಕೋಣೆ. ನಾಲ್ಕೈದು ಹೆಂಗಸರು, ಹಸಿರು ಬಳೆ, ಕೊಬ್ಬರಿ, ಬೆಲ್ಲ. ಅಪ್ಪನ ಮುಖವೇ ಆ ಹುಡುಗಿಗೆ. ನಗು ಬಂದಾಗ ಬಾಯಿ ಮುಚ್ಚಿಕೊಳ್ಳುವುದು ಮಾತ್ರ ಅಮ್ಮನದು. ಬಂದವರು ಹೋದ ಮೇಲೆ, ರೇಣು ಕೆಳಗೆ ನೀರು ಹಿಡಿಯಲು ಇಳಿದಾಗ, ಪಲ್ಲವಿ ನನ್ನ ಪಕ್ಕ ಬಂದು ಕೂತಳು. ಕೈಯಲ್ಲಿ ಒಂದು ಪುಟ್ಟ ಕ್ಯಾಲೆಂಡರ್, ಪೆನ್ಸಿಲ್ಲು. ನಾಲ್ಕು ದಿನಕ್ಕೆ ಸುತ್ತು ಹಾಕಿದ್ದಳು.

"ದೊಡ್ಡಮ್ಮ, ಮಧ್ಯಾಹ್ನ ಶುರುವಾದ್ರೆ ಆ ದಿನಾನೂ ಸೇರಿಸ್ಬೇಕಾ, ಬೇಡ್ವಾ?" ಎಂದು ಕೇಳಿದಳು. ಯಾಕೆ ಪುಟ್ಟಿ ಎಂದೆ. ದನಿ ಇಳಿಸಿದಳು. "ಅಮ್ಮ ಒಂದ್ಸಲ ಒಂದು ದಿನ ತಪ್ಪು ಎಣಿಸ್ಬಿಟ್ಳಂತೆ. ಅದಕ್ಕೇ ಅಪ್ಪ ಹೋಗಿದ್ದಂತೆ. ನಾನು ತಪ್ಪು ಮಾಡ್ಬಾರ್ದು ಅಂತ ದಿನಾ ಬರೀ ಅಂದಿದ್ದಾಳೆ. ನಂಗೆ ಮ್ಯಾಥ್ಸ್ ಬೇರೆ ಬರಲ್ಲ ದೊಡ್ಡಮ್ಮ."

ಅಷ್ಟರಲ್ಲಿ ರೇಣು ಕೊಡ ಹೊತ್ತು ಮೇಲೆ ಬಂದಳು. ಮೂವತ್ತೈದೂ ಆಗಿರಲಾರದು ಅವಳಿಗೆ. ಹಣೆಯ ಮೇಲೆ ಬೆಳ್ಳಿ ಕೂದಲು. ನಮ್ಮಿಬ್ಬರನ್ನು ನೋಡಿ, ದೊಡ್ಡಮ್ಮನ್ನ ಕೇಳ ಪುಟ್ಟಿ, ಅವರು ಓದಿದವ್ರು, ಸರಿಯಾಗಿ ಹೇಳ್ತಾರ ಎಂದಳು. ನಾನು ಏನು ಹೇಳಿದೆ ಗೊತ್ತೇ? ಲೇಟಾಯಿತು, ಬಸ್ಸು ಸಿಗಲ್ಲ ಎಂದೆ. ಚೀಲ ಎತ್ತಿಕೊಂಡು ಇಳಿದೆ. ಬೈಯಪ್ಪನಹಳ್ಳಿಯ ತನಕ ಬಸ್ಸಿನ ಕಂಬಿ ಹಿಡಿದು ನಿಂತೇ ಬಂದೆ, ಸೀಟು ಖಾಲಿ ಇದ್ದರೂ.

ಈ ಬರಹವನ್ನೇ ಅವಳಿಗೆ ಕಳಿಸಿಬಿಡೋಣ ಎಂದು ಮೊದಲು ಯೋಚಿಸಿದ್ದೆ. ಆದರೆ ರೇಣುವಿಗೆ ಓದು ಅಷ್ಟಾಗಿ ಬರುವುದಿಲ್ಲ. ಕಾಗದ ಬಂದರೆ ಗಟ್ಟಿಯಾಗಿ ಓದಿ ಹೇಳುವವಳು ಪಲ್ಲವಿ. ಅದನ್ನು ಆ ಮಗುವಿನ ಬಾಯಿಂದ ಹೇಳಿಸಲಾರೆ. ನಾನೇ ಹೋಗಬೇಕು.

ಈ ಭಾನುವಾರ ಅವಳಿಗೆ ರಜೆ. ಕೈಯಲ್ಲಿ ಹಣ್ಣು ಒಯ್ಯುವುದಿಲ್ಲ, ಬಟ್ಟೆ ಒಯ್ಯುವುದಿಲ್ಲ. ಅವಳು ಕಾಲಿಗೆ ನೀರು ತಂದರೆ ತೆಗೆದುಕೊಳ್ಳುವ ಮೊದಲೇ, ಮಗಳು ಪಕ್ಕದಲ್ಲಿರುವಾಗಲೇ ಹೇಳಬೇಕು. ಅವಳು ಬೈದರೆ ಕೇಳಿಸಿಕೊಳ್ಳಬೇಕು. ಬಾಗಿಲು ಹಾಕಿದರೆ ಇಳಿದು ಬರಬೇಕು. ಇನ್ನು ಮೇಲೆ ಬರಬೇಡಿ ಎಂದರೆ ಹೋಗಬಾರದು. ಅವಳು ಏನೂ ಅನ್ನದೆ ಸುಮ್ಮನೆ ಬೆರಳು ನೋಡಿಕೊಂಡು ಎಣಿಸತೊಡಗಿದರೆ — ಅದಕ್ಕೇ ನನಗೆ ಹೆಚ್ಚು ಭಯ — ಆಗ ಎದುರಿಗೆ ಕೂತು, ಎರಡನೆಯ ಗೆರೆಗೆ ಅವಳ ಹೆಬ್ಬೆರಳು ನಿಲ್ಲುವ ಮುಂಚೆ, ನಾನೂ ಜೊತೆಗೆ ಎಣಿಸಬೇಕು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ.

ರೇಣು, ಐದೇ ದಿನ. ನಿನ್ನ ಲೆಕ್ಕ ಸರಿಯಾಗಿತ್ತು. ನನಗೆ ಚೆನ್ನಾಗಿ ನೆನಪಿದೆ.